ಸೋಲೊ ನೋಡಲು ಗ್ರೀನ್‌ಫರ್ಡ್‌ನಲ್ಲಿ ಇಳಿಯಬೇಕು

ಲಂಡನ್ನಿಗೆ ಹೋಗಿ ಬಂದವರಿಗೆ ಧಾರವಾಡದಲ್ಲಿ ಕೇಳುವ ಪ್ರಶ್ನೆ ಒಂದೇ: ಅರಮನೆ ನೋಡಿದಿರೇನು? ನೋಡಿದೆ. ನಾನು ನೋಡಿದ ಅರಮನೆಯಲ್ಲಿ ಬಿಳಿ ಎಮ್ಮೆಗಳಿವೆ. ವರ್ಷಕ್ಕೊಮ್ಮೆ ಅವು ಊರ ಬೀದಿಯಲ್ಲಿ ಮೆರವಣಿಗೆ ಹೊರಡುತ್ತವೆ, ದಾರಿಯಲ್ಲಿ ಸಗಣಿ ಹಾಕುತ್ತವೆ, ಜನ ಮುಗಿಬಿದ್ದು ಅದನ್ನು ಬಾಚಿಕೊಂಡು ಮನೆಗೆ ಒಯ್ಯುತ್ತಾರೆ. ಇಷ್ಟು ಹೇಳುವಷ್ಟರಲ್ಲಿ ಕೇಳಿದವರು ನನ್ನ ಮುಖವನ್ನು ಒಂದು ಸಲ ಸರಿಯಾಗಿ ನೋಡಿ, ಉಳಿದ ಚಹಾ ಒಂದೇ ಗುಟುಕಿಗೆ ಮುಗಿಸಿ ಎದ್ದುಬಿಡುತ್ತಾರೆ. ಬರೆದು ಹೇಳಿದರೆ ಎದ್ದುಹೋಗುವವರು ನನಗೆ ಕಾಣುವುದಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ವಿಷಯ ಇಷ್ಟೇ. ಆರು ವಾರ ಲಂಡನ್ನಿನಲ್ಲಿದ್ದು ನಾನು ನೋಡಿದ್ದು ಜಾವಾ ದ್ವೀಪದ ಸೋಲೊ ಎಂಬ ಊರನ್ನು. ನನಗೆ ಅದನ್ನು ತೋರಿಸಿದಾಕೆ ತಾನೇ ಅದನ್ನು ನೋಡಿ ಇಪ್ಪತ್ತಮೂರು ವರ್ಷವಾಗಿತ್ತು. ನಾನಾದರೋ ಆ ದ್ವೀಪವನ್ನು ನೋಡದೆಯೇ ಮೂವತ್ತೊಂದು ವರ್ಷ ಪಾಠ ಮಾಡಿದವಳು. ಕನ್ನಡ ಮಾಧ್ಯಮ ಹೈಸ್ಕೂಲಿನ ಭೂಗೋಳದ ಟೀಚರು. ಜಾವಾ ಎಂದರೆ ಜ್ವಾಲಾಮುಖಿಯ ಮಣ್ಣು, ಭತ್ತ, ಕಬ್ಬು, ದಟ್ಟ ಜನಸಂಖ್ಯೆ. ನಾಲ್ಕು ಅಂಕ. ಕಬ್ಬು ಬಿಟ್ಟವರಿಗೆ ಒಂದು ಅಂಕ ಕಳೆಯುತ್ತಿದ್ದೆ.

ಗ್ರೀನ್‌ಫರ್ಡ್: ಕರೆದರು, ಹೋದೆ

ನನ್ನ ತಂಗಿ ಪ್ರೇಮಾ ಇರುವುದು ಲಂಡನ್ನಿನ ಪಶ್ಚಿಮ ಭಾಗದ ಗ್ರೀನ್‌ಫರ್ಡ್‌ನಲ್ಲಿ. ಆಸ್ಪತ್ರೆಯೊಂದರ ಔಷಧ ವಿಭಾಗದಲ್ಲಿ ಕೆಲಸ. ಬೆಳಿಗ್ಗೆ ಏಳಕ್ಕೆ ಹೊರಟರೆ ಸಂಜೆ ಏಳಕ್ಕೇ ಮುಖ ತೋರಿಸುವುದು. ನಾನು ಬಂದ ಮರುದಿನವೇ ಕೈಗೊಂದು ಬೀಗದಕೈ, ಟ್ಯೂಬ್ ಎಂಬ ನೆಲದಡಿಯ ರೈಲಿನ ಒಂದು ಕಾರ್ಡು, ಒಂದು ಕೊಡೆ ಕೊಟ್ಟು, “ಅಕ್ಕಾ, ನೀ ಭೂಗೋಳದ ಟೀಚರು. ನೀನ ದಾರಿ ತಪ್ಪಿದ್ರ ಮರ್ಯಾದಿ ಹೊಕ್ಕೈತಿ ನೋಡು,” ಎಂದಳು.

ಮೊದಲ ವಾರ ಎಲ್ಲರೂ ನೋಡುವುದನ್ನೆಲ್ಲ ನೋಡಿದೆ. ಸೇತುವೆ ಪಠ್ಯಪುಸ್ತಕದ ಚಿತ್ರದಲ್ಲಿದ್ದ ಹಾಗೆಯೇ ಇತ್ತು. ಗಡಿಯಾರವೂ ಹಾಗೆಯೇ. ಪುಸ್ತಕದವರು ಸುಳ್ಳು ಬರೆದಿಲ್ಲ ಎಂಬುದು ಖಾತ್ರಿಯಾದ ಮೇಲೆ ನನಗೆ ಅಲ್ಲಿ ಬೇರೆ ಕೆಲಸ ಉಳಿಯಲಿಲ್ಲ.

ಎರಡನೆಯ ವಾರ ಒಂದು ದಿನ ಲಿಫ್ಟು ಕೆಟ್ಟಿತ್ತು. ನಮ್ಮ ಎರಡನೆಯ ಮಹಡಿಯಿಂದ ಮೆಟ್ಟಿಲಿಳಿದು ಹೊರಗೆ ಬಂದರೆ ಕೆಳಗಿನ ಫ್ಲ್ಯಾಟಿನ ಅಡುಗೆಮನೆ ಕಿಟಕಿ ತೆರೆದಿತ್ತು. ಕಾಯಿಹಾಲು ಕುದಿಯುವ ವಾಸನೆ. ಒಲೆಯ ಮುಂದೆ ಅರವತ್ತರ ಆಸುಪಾಸಿನ ಸಣ್ಣಗಿನ ಹೆಂಗಸು ನಿಂತಿದ್ದರು. ನನ್ನನ್ನು ಕಂಡವರೇ ತಲೆ ತುಸು ಬಾಗಿಸಿ, ನಕ್ಕು, “ಬನ್ನಿ, ಒಳಗೆ ಬನ್ನಿ, ತಿಂದು ಹೋಗಿ,” ಎಂದು ಇಂಗ್ಲಿಷಿನಲ್ಲಿ ಕರೆದರು.

ಅಷ್ಟು ದಿನದಲ್ಲಿ ಆ ದೇಶದಲ್ಲಿ ನನ್ನನ್ನು ಯಾರೂ ಒಳಗೆ ಕರೆದಿರಲಿಲ್ಲ. ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ಒಮ್ಮೆ, ಯಾವತ್ತಾದರೂ ಚಹಾಕ್ಕೆ ಬರಬೇಕು ಎಂದಿದ್ದರು. ಯಾವತ್ತು ಎಂದು ನಾನು ಕೇಳಿದ್ದಕ್ಕೆ ಅವರ ಮುಖ ಸಪ್ಪಗಾಗಿತ್ತು. ಈ ಹೆಂಗಸು ಹಾಗಲ್ಲ, ಕೈಯಲ್ಲಿ ಸೌಟು ಹಿಡಿದೇ ಕರೆಯುತ್ತಿದ್ದಾರೆ. ನಮ್ಮ ಕಡೆ ಉಣ್ಣಲು ಕರೆದವರ ಮನೆಗೆ ಹೋಗದಿದ್ದರೆ ಅವರ ಮೊಮ್ಮಗಳ ಮದುವೆಯವರೆಗೂ ಅದನ್ನು ಎತ್ತಿ ಆಡುತ್ತಾರೆ. ನಾನು ಬಾಗಿಲು ದಾಟಿ, ಚಪ್ಪಲಿ ಬಿಟ್ಟು, ಕುರ್ಚಿ ಎಳೆದು ಕೂತೆ. ಆಕೆ ಒಂದು ಕ್ಷಣ ಸೌಟು ಹಿಡಿದು ಹಾಗೆಯೇ ನಿಂತರು. ಭಾಷೆ ಹೊಸದಲ್ಲವೆ, ಪಾಪ, ತೋಚುತ್ತಿಲ್ಲ ಎಂದುಕೊಂಡೆ.

ತಟ್ಟೆಗೆ ಬಂದದ್ದು ಸೆರಾಬಿ ಎಂಬ ತಿಂಡಿ. ಅಕ್ಕಿಹಿಟ್ಟು, ಕಾಯಿಹಾಲು. ಅಂಚು ಗರಿಗರಿ, ನಡುವೆ ಬಿಳಿ, ಮೆತ್ತಗೆ. ನಮ್ಮ ಪಡ್ಡಿನ ಮಗಳನ್ನು ಮಂಗಳೂರಿನ ನೀರುದೋಸೆಯ ಮನೆಗೆ ಕೊಟ್ಟ ಹಾಗಿತ್ತು. ಆರು ತಿಂದೆ. ಆರನೆಯದನ್ನು ಹಾಕುವಾಗಲೂ ಆಕೆಯ ನಗು ಮಾಸಲಿಲ್ಲ.

ಹೆಸರು ಸುದರ್ಮಿ. ಊರು ಸೋಲೊ. ಅಲ್ಲಿ ಹೆಂಗಸರನ್ನು ಗೌರವದಿಂದ ‘ಬು’ ಎನ್ನುತ್ತಾರಂತೆ, ನಮ್ಮ ಅಮ್ಮಾವ್ರು ಇದ್ದ ಹಾಗೆ. ಹೀಗೆ ಅವರು ನನಗೆ ಬು ಸುದರ್ಮಿಯಾದರು, ನಾನು ಬು ಶಾಂತಾ ಆದೆ. ಮನೆಗೆಲಸಕ್ಕೆಂದು ಯಾರದೋ ಕುಟುಂಬದ ಜೊತೆ ಮೂವತ್ತಾರು ವರ್ಷದ ಹಿಂದೆ ಲಂಡನ್ನಿಗೆ ಬಂದವರು, ಇಲ್ಲೇ ಮದುವೆಯಾಗಿ ಉಳಿದರು. ಗಂಡ ತೀರಿಕೊಂಡಿದ್ದಾರೆ. ಈಗ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ.

ಗೋಡೆಯ ಮೇಲೆ ತೊಗಲುಬೊಂಬೆಯೊಂದು ತೂಗುತ್ತಿತ್ತು. ಭೀಮ ಎಂದರು. ಮೂಲೆಯಲ್ಲಿ ನಮಾಜಿನ ಚಾಪೆ, ಗೋಡೆಯಲ್ಲಿ ಭೀಮ. ನನ್ನೊಳಗಿನ ಟೀಚರು ಎದ್ದು ಕೂತಳು. “ಮಹಾಭಾರತ ನಮ್ಮದು,” ಎಂದು ನಯವಾಗಿ ತಿಳಿಸಿದೆ. ಸುದರ್ಮಿ ನನಗಿಂತ ನಯವಾಗಿ, “ಹೌದಾ? ನಮ್ಮ ಕಥೆ ನಿಮ್ಮಲ್ಲಿಯವರೆಗೂ ಬಂದಿದೆಯಾ?” ಎಂದರು. ಪಾಂಡವರು ಓಡಾಡಿದ ಬೆಟ್ಟ ಅವರ ಊರಿನಿಂದ ಒಂದು ದಿನದ ದಾರಿಯಂತೆ. ದ್ರೌಪದಿಗೆ ಐವರು ಗಂಡಂದಿರು ಎಂದು ನಾನು ಹೇಳಿದಾಗ ಮಾತ್ರ ಅವರು ಸೌಟು ಕೆಳಗಿಟ್ಟರು. ಜಾವಾದ ದ್ರೌಪದಿ ಧರ್ಮರಾಯನೊಬ್ಬನ ಹೆಂಡತಿ, ಮರ್ಯಾದಸ್ಥೆ. ಆದರೂ ಅತಿಥಿಯ ಮಾತು ತೆಗೆದುಹಾಕಬಾರದೆಂದು ನೆಲ ನೋಡುತ್ತ, “ಇಂಗ್ಗಿ,” ಎಂದರು. ಹೌದು ಎಂದು ಅರ್ಥವಂತೆ. ಒಪ್ಪಿದರು ಎಂದು ನಾನು ಖುಷಿಯಾಗಿ ಮೇಲೆ ಬಂದೆ.

“ಕರದ ಕೂಡ್ಲೆ ಹೋಗಿ ಕುಂತೇನು?” ಎಂದಳು ಪ್ರೇಮಾ ಸಂಜೆ.

“ಬರ್ಲಿ ಅಂತನ ಅಲ್ಲೇನು ಕರಿಯೂದು? ಬರಬಾರದು ಅಂತ ಯಾರರ ಕರೀತಾರೇನು?”

ಸ್ಟ್ರಾಟ್‌ಫರ್ಡ್: ಒಂದು ತಾಸು ಹತ್ತು ನಿಮಿಷ

ಸುದರ್ಮಿಯವರ ಮಗಳು ಆಯು ಇರುವುದು ಲಂಡನ್ನಿನ ಪೂರ್ವಕ್ಕಿರುವ ಸ್ಟ್ರಾಟ್‌ಫರ್ಡ್‌ನಲ್ಲಿ. ನನಗೂ ಅಲ್ಲಿನ ದೊಡ್ಡ ಅಂಗಡಿಗಳ ಕಟ್ಟಡ, ಒಲಿಂಪಿಕ್ ಪಾರ್ಕು ನೋಡುವುದಿತ್ತು. “ಬುಧವಾರ ನೀವು ಹೇಗೂ ಮಗಳ ಮನೆಗೆ ಹೋಗಿರುತ್ತೀರಿ. ಗುರುವಾರ ಹನ್ನೊಂದಕ್ಕೆ ಸ್ಟೇಷನ್ನಿನ ಮುಂದೆ ಸಿಗೋಣ, ಆದೀತೆ?” ಎಂದೆ. ಅವರು ನೆಲ ನೋಡಿ ನಕ್ಕು, “ಇಂಗ್ಗಿ, ಬು ಶಾಂತಾ,” ಎಂದರು.

ಗುರುವಾರ ಹನ್ನೊಂದಕ್ಕೆ ಐದು ನಿಮಿಷ ಮೊದಲೇ ನಿಂತೆ. ಹನ್ನೊಂದೂವರೆಯಾಯಿತು. ಹನ್ನೆರಡಾಯಿತು. ಸಾವಿರಾರು ಜನ ಚೀಲ ಹಿಡಿದು ನನ್ನನ್ನು ಬಳಸಿಕೊಂಡು ಹೋದರು, ಒಬ್ಬೊಬ್ಬರೂ ಸಾರಿ ಎಂದರು. ಅಷ್ಟು ಸಾರಿಗಳ ನಡುವೆ ನನಗೆ ಬೇಕಾದ ಒಂದೇ ಒಂದು ಸಾರಿ ಬರಲಿಲ್ಲ. ಹನ್ನೆರಡೂ ಹತ್ತಕ್ಕೆ ಕಚೇರಿಯ ಕಾರ್ಡು ಕುತ್ತಿಗೆಗೆ ಹಾಕಿಕೊಂಡ, ಮೂವತ್ತು ವರ್ಷದ ಹೆಣ್ಣುಮಗಳೊಬ್ಬಳು ಓಡುತ್ತ ಬಂದು ನನ್ನ ಸೀರೆ ನೋಡಿ ನಿಂತಳು. ಅದು ಆಯು. ಕೌನ್ಸಿಲ್ಲಿನಲ್ಲಿ, ಅಂದರೆ ಅಲ್ಲಿನ ನಗರಸಭೆಯಲ್ಲಿ, ಕೆಲಸ ಮಾಡುವವಳು, ಊಟದ ಬಿಡುವಿನಲ್ಲಿ ಓಡಿಬಂದಿದ್ದಳು.

“ಸ್ಟೇಷನ್ ಹತ್ತಿರ ಯಾರೋ ಇದ್ದರೂ ಇರಬಹುದು ಅಂತ ಅಮ್ಮ ಈಗ ಮೆಸೇಜ್ ಮಾಡಿದಳು, ಆಂಟಿ. ಅವಳಿಗೆ ಇವತ್ತು ಗ್ರೀನ್‌ಫರ್ಡ್‌ನಲ್ಲೇ ಡಾಕ್ಟರ ಅಪಾಯಿಂಟ್‌ಮೆಂಟ್ ಇದೆ. ಎರಡು ವಾರದಿಂದ ಗೊತ್ತಿತ್ತು. ನಿಮಗೆ ಬರುತ್ತೇನೆ ಅಂದಿದ್ದಳಾ?”

“ಅಂದಿದ್ದರು.”

“ನಿಮ್ಮ ಮುಖ ನೋಡಿ ಅಂದಳಾ, ನೆಲ ನೋಡಿ ಅಂದಳಾ?”

ನೆಲ ಎಂದೆ. ಆಯು ಹಣೆ ಒತ್ತಿಕೊಂಡಳು. ಆಮೇಲೆ ಬೆಂಚಿನ ಮೇಲೆ ಕೂತು, ಸ್ಯಾಂಡ್‌ವಿಚ್ಚಿನ ಅರ್ಧ ನನಗೆ ಕೊಟ್ಟು, ಮೂವತ್ತೊಂದು ವರ್ಷ ಪಾಠ ಮಾಡಿದವಳಿಗೆ ಹತ್ತು ನಿಮಿಷ ಪಾಠ ಮಾಡಿದಳು. ಸೋಲೊದವರು ಇಲ್ಲ ಎನ್ನುವುದಿಲ್ಲ. ದೊಡ್ಡವರಿಗೆ, ಅತಿಥಿಗೆ, ದೂರದಿಂದ ಬಂದವರಿಗೆ ಎದುರಾಡಿದರೆ ಅವರಿಗೆ ನೋವಾಗುತ್ತದೆ, ಆದ್ದರಿಂದ ಹೌದು ಎನ್ನುತ್ತಾರೆ. ಕೇಳಿದವರೂ ಸೋಲೊದವರೇ ಆಗಿರುವುದರಿಂದ ಆ ಹೌದು ಎಷ್ಟರಮಟ್ಟಿಗೆ ಹೌದು ಎಂದು ಅವರಿಗೆ ತಿಳಿಯುತ್ತದೆ. ಯಾರಿಗೂ ಬೇಜಾರಿಲ್ಲ, ಯಾರೂ ಸ್ಟೇಷನ್ನಿನ ಮುಂದೆ ಕಾಯುವುದಿಲ್ಲ. ಹಾಗೆಯೇ, ಬಾಗಿಲ ಮುಂದೆ ಹಾದುಹೋಗುವವರನ್ನು ಒಳಗೆ ಕರೆಯುವುದು ಅಲ್ಲಿ ನಮಸ್ಕಾರವಿದ್ದ ಹಾಗೆ. ಹಾದುಹೋಗುವವರು ಕೈಮುಗಿದು ಮುಂದೆ ಹೋಗಬೇಕು.

“ಹಾಗಾದರೆ ಅವತ್ತಿನ ಸೆರಾಬಿ?”

“ಶಾಲೆಯಲ್ಲಿ ಯಾರದೋ ಹುಟ್ಟುಹಬ್ಬಕ್ಕೆ ಮಾಡಿದ್ದು. ಪರವಾಗಿಲ್ಲ ಆಂಟಿ, ಅಮ್ಮನಿಗೆ ಖುಷಿಯೇ ಆಯಿತು. ಅವಳ ಮನೆಯೊಳಗೆ ಹಾಗೆ ನುಗ್ಗಿದವರು ನೀವೇ ಮೊದಲು.”

ಈ ‘ನುಗ್ಗಿದವರು’ ಎಂಬ ಮಾತನ್ನು ನಾನು ಇನ್ನೂ ಪೂರ್ತಿ ನುಂಗಿಕೊಂಡಿಲ್ಲ.

ಹೊರಡುವ ಮೊದಲು ಆಯು ಒಂದು ಮಾತು ಹೇಳಿದಳು. ಅವಳು ಸೋಲೊಗೆ ಹೋದವಳೇ ಅಲ್ಲ. ಅವಳು ಏಳು ವರ್ಷದವಳಿದ್ದಾಗ ಅಜ್ಜಿ ತೀರಿಕೊಂಡಳು, ಮಣ್ಣಿಗೆ ಅಮ್ಮನೊಬ್ಬಳೇ ಹೋಗಿ ಬಂದಳು. ಬಾಡಿಗೆಮನೆ ಬಿಟ್ಟುಕೊಟ್ಟ ಮೇಲೆ ಅಲ್ಲಿ ನಮ್ಮವರೆನ್ನುವವರು ಉಳಿಯಲಿಲ್ಲ. ಅಂದಿನಿಂದ ಅಮ್ಮ ಪ್ರತಿ ವರ್ಷವೂ ಬರುವ ವರ್ಷ ಹೋಗೋಣ ಎನ್ನುತ್ತಾಳೆ, ಪ್ರತಿ ವಾರವೂ ಸೋಲೊದ ಕಥೆ ಹೇಳುತ್ತಾಳೆ. “ಬಿಳಿ ಎಮ್ಮೆಗಳ ಕಥೆ ಸುಳ್ಳು ಅಂದುಕೊಂಡು ಒಮ್ಮೆ ಹುಡುಕಿ ನೋಡಿದೆ, ಆಂಟಿ. ಎಮ್ಮೆಗಳು ನಿಜವಾಗಿಯೂ ಇವೆ. ಬೇರೇನನ್ನೂ ಹುಡುಕಲಿಲ್ಲ.”

“ಯಾಕೆ?”

“ಇಲ್ಲದಿದ್ದರೆ?”

ರೇನರ್ಸ್ ಲೇನ್: ಸೀಮೆಬದನೆ

ಸುದರ್ಮಿ ಕ್ಷಮೆ ಕೇಳಲಿಲ್ಲ, ನಾನೂ ಕೇಳಲಿಲ್ಲ. ಮರುದಿನ ಕಿಟಕಿಯಿಂದ ಕರೆದರು. ನಾನು ಕಲಿತ ಪಾಠದಂತೆ ಕೈಮುಗಿದು ಮುಂದೆ ಹೊರಟೆ. ಅವರು ಓಡಿಬಂದು ತೋಳು ಹಿಡಿದು ನಿಲ್ಲಿಸಿದರು. ಈ ಸಲ ನಿಜವಾಗಿಯೂ ಕರೆದಿದ್ದರಂತೆ.

ಹತ್ತಿರದ ಲೈಬ್ರರಿಯಲ್ಲಿ ತಿಂಗಳಿಗೊಮ್ಮೆ ಶನಿವಾರ ಮಧ್ಯಾಹ್ನ ‘ನನ್ನ ಊರು’ ಎಂಬ ಕಾರ್ಯಕ್ರಮ. ಬೇರೆ ಬೇರೆ ದೇಶದಿಂದ ಬಂದು ನೆಲೆಸಿದವರಲ್ಲಿ ಒಬ್ಬರು ತಮ್ಮ ಊರಿನ ಬಗ್ಗೆ ಮಾತಾಡಬೇಕು, ಊರಿನ ಅಡುಗೆ ಬಡಿಸಬೇಕು. ಮುಂದಿನ ಶನಿವಾರ ಸುದರ್ಮಿಯವರ ಸರದಿ. ಬೇಡ ಎನ್ನಬೇಕೆಂದೇ ಇದ್ದರು, ಆದರೆ ಬೇಡ ಎನ್ನುವುದು ಅವರಿಗೆ ಬರುವುದಿಲ್ಲವಲ್ಲ. ಈಗ ಅದಕ್ಕಿಂತ ದೊಡ್ಡ ಪೇಚು. ಲೈಬ್ರರಿಯವರು ಉಪಕಾರ ಮಾಡಲು ಹೋಗಿ, ಎರಡೇ ತಿಂಗಳ ಹಿಂದೆ ಸೋಲೊದಿಂದ ಓದಲು ಬಂದ ರೆತ್ನೊ ಎಂಬ ಹೆಂಗಸನ್ನು ಹುಡುಕಿ ಕಾರ್ಯಕ್ರಮಕ್ಕೆ ಕರೆದಿದ್ದರು. ಆಯುವೂ ಬರುವವಳಿದ್ದಳು.

“ಆಕೆ ಈಗಿನ ಸೋಲೊದವಳು,” ಎಂದರು ಸುದರ್ಮಿ. “ನಾನು ಹೇಳುವುದು ಯಾವುದೂ ಈಗ ಇಲ್ಲ ಅಂತ ಆಕೆ ಅಂದರೆ ಆಯು ಏನು ತಿಳಿಯುತ್ತಾಳೆ? ಹುಟ್ಟಿದಾಗಿನಿಂದ ನಾನು ಅವಳಿಗೆ ಕೊಟ್ಟದ್ದು ಅದೊಂದೇ.”

ಅಡುಗೆಯ ಸಾಮಾನಿಗೆ ನಾವಿಬ್ಬರೂ ಬಸ್ಸು ಹತ್ತಿ ರೇನರ್ಸ್ ಲೇನಿನ ಅಂಗಡಿಯೊಂದಕ್ಕೆ ಹೋದೆವು. ಆಗಬೇಕಾದದ್ದು ನಾಸಿ ಲಿವೆತ್, ಸೋಲೊದ ಬೆಳಗಿನ ಊಟ. ಕಾಯಿಹಾಲಿನಲ್ಲಿ ಬೇಯಿಸಿದ ಅನ್ನ, ಮೇಲೆ ಸೀಮೆಬದನೆಕಾಯಿಯ ಖಾರದ ಗೊಜ್ಜು, ಕೋಳಿ, ಮೊಟ್ಟೆ, ಎಲ್ಲದರ ಮೇಲೆ ಒಂದು ಚಮಚ ಗಟ್ಟಿ ಕಾಯಿಹಾಲು, ಬಾಳೆಎಲೆಯಲ್ಲಿ. ಅಂಗಡಿಯ ಹೆಂಗಸು ಉಡುಪಿ ಕಡೆಯ ಕೊಂಕಣಿ ಮಾತಿನವರು. ನಾನು ಪ್ರೇಮಾಗೆ ಫೋನಿನಲ್ಲಿ ಬೈಯುತ್ತಿದ್ದುದನ್ನು ಕೇಳಿ, “ಎಂತ ಬೇಕು ಅಕ್ಕ, ಬಾಳೆಎಲೆಯಾ? ಒಳಗೆ ಫ್ರೆಶ್ ಉಂಟು,” ಎಂದರು. ಜಾವಾದ ಊಟಕ್ಕೆ ಕೇರಳದ ಎಲೆ, ಎಲ್ಲಿಯದೋ ಸೀಮೆಬದನೆ, ಕೊಟ್ಟವರು ಉಡುಪಿಯವರು, ಹೊತ್ತವಳು ಧಾರವಾಡದವಳು. ಪಾಠದಲ್ಲಿ ಇದಕ್ಕೆ ಅಂತಾರಾಷ್ಟ್ರೀಯ ವ್ಯಾಪಾರ ಎನ್ನುತ್ತೇವೆ.

ಬಸ್ಸಿನಲ್ಲಿ ಬರುವಾಗ ಸುದರ್ಮಿ ಆ ಜಾಗದ ಬಗ್ಗೆ ಹೇಳಿದರು. ಊರ ದೊಡ್ಡ ಮಾರುಕಟ್ಟೆಯ ಹಿಂದೆ ಒಂದು ಓಣಿ. ಓಣಿಯ ಕೊನೆಯಲ್ಲಿ ಆಲದ ಮರ. ಮರದ ಕೆಳಗೆ ಚಾಪೆ ಹಾಸಿ ಪಾಯ್ನೆಮ್ ಅಜ್ಜಿ ಬುಟ್ಟಿಯಲ್ಲಿ ಲಿವೆತ್ ಮಾರುತ್ತಿದ್ದಳು. ಅವಳ ಪಕ್ಕದಲ್ಲೇ ಸುದರ್ಮಿಯ ಅಮ್ಮ ಗೋರಿಗೆ ಹಾಕುವ ಹೂವಿನ ಎಸಳು ಮಾರುತ್ತಿದ್ದಳು. ಮಗಳು ಶಾಲೆಗೆ ಹೋಗುವ ಮುನ್ನ ಅಲ್ಲೇ ಕೂತು ಉಣ್ಣುತ್ತಿದ್ದಳು. ಬೆರಳಲ್ಲಿ ಗುಲಾಬಿಯ ವಾಸನೆ, ಬಾಯಲ್ಲಿ ಸೀಮೆಬದನೆ. “ಅಮ್ಮನ ಮನೆ ಹೋಯಿತು. ಆ ಮರ ಇದೆ. ಪಾಯ್ನೆಮ್ ಅಜ್ಜಿ ಇರಲಿಕ್ಕಿಲ್ಲ, ಈಗ ಮಗಳು ಕೂರುತ್ತಿರಬಹುದು. ನಿನ್ನ ಅಜ್ಜಿ ಕೂತ ಜಾಗ ತೋರಿಸುತ್ತೇನೆ ಅಂತ ಆಯುಗೆ ಹೇಳಿದ್ದೇನೆ.”

ಎರಡನೆಯ ಮಹಡಿ: ನನ್ನ ಕೆಟ್ಟ ಚಾಳಿ

ಕಾರ್ಯಕ್ರಮಕ್ಕೆ ಜಾವಾದ ನಕ್ಷೆ ಬರೆದುಕೊಡುವ ಕೆಲಸ ನನ್ನದಾಯಿತು. ರಟ್ಟಿನ ಮೇಲೆ ದ್ವೀಪವನ್ನು ಕಣ್ಣುಮುಚ್ಚಿ ಬರೆಯಬಲ್ಲೆ. ಬರೆದೆ, ಜ್ವಾಲಾಮುಖಿಗಳಿಗೆ ಕೆಂಪು ತ್ರಿಕೋನ ಹಾಕಿದೆ, ನದಿ ಎಳೆದೆ. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಮಾರುಕಟ್ಟೆಯ ಹಿಂದಿನ ಓಣಿಯನ್ನೂ ಒಂದು ಮೂಲೆಯಲ್ಲಿ ದೊಡ್ಡದಾಗಿ ಬರೆದು ತೋರಿಸೋಣ ಎಂದು ಪ್ರೇಮಾಳ ಫೋನಿನಲ್ಲಿ ನಕ್ಷೆ ತೆಗೆಸಿದೆ.

ಮಾರುಕಟ್ಟೆ ಸಿಕ್ಕಿತು. ಓಣಿಯೂ ಸಿಕ್ಕಿತು. ಪ್ರೇಮಾ ಬೆರಳು ಅಗಲಿಸುತ್ತ ಹತ್ತಿರ ಹೋದಳು. ರಸ್ತೆಯ ಫೋಟೋ ಬಂತು. ಓಣಿಯ ಕೊನೆಯಲ್ಲಿ ಆಲದ ಮರ ಇರಲಿಲ್ಲ. ಸಿಮೆಂಟು ಹಾಕಿದ ಬಯಲು, ಬಿಳಿ ಗೆರೆಗಳು, ಸಾಲಾಗಿ ನಿಲ್ಲಿಸಿದ ಸ್ಕೂಟರು, ನಾಲ್ಕಾರು ಕಾರು. ಆಚೆ ಮೊಬೈಲ್ ಅಂಗಡಿ. ಬೇರೆ ಓಣಿ ಇರಬಹುದೆಂದು ಸುತ್ತಲಿನ ಎಲ್ಲ ಓಣಿ ಹೊಕ್ಕು ಬಂದೆವು. ಅದೇ ಓಣಿ.

“ಈಗ ಹೋಗಿ ಹೇಳಿಬಿಡ್ತೀಯೇನು?” ಎಂದಳು ಪ್ರೇಮಾ. ನನ್ನ ಗುಣ ಅವಳಿಗೆ ಗೊತ್ತು. ಬೀಗರು ತಂದ ಲಗ್ನಪತ್ರಿಕೆಯಲ್ಲಿ ತಪ್ಪು ಕಂಡರೆ ಅಲ್ಲೇ ಪೆನ್ನು ತೆಗೆಯುವವಳು ನಾನು.

“ಹೇಳಬೇಕಲ್ಲ. ಶನಿವಾರ ಆ ರೆತ್ನೊ ಬಾಯಿಂದ ಎಲ್ಲಾರ ಮುಂದ ಕೇಳೂದಕ್ಕಿಂತ ನಮ್ಮಿಂದ ಕೇಳೂದು ಚಲೋ.”

“ಹೌದು. ಆದ್ರ ಆಕಿ ಮುಖ ನೋಡಿ ಹೇಳೂದು ನೀನ, ನಾ ಬರಂಗಿಲ್ಲ.”

ಶುಕ್ರವಾರ ಸಂಜೆ ಹೇಳಲೆಂದೇ ಕೆಳಗೆ ಹೋದೆ. ಸುದರ್ಮಿ ಎರಡು ಪಾತ್ರೆಯಲ್ಲಿ ಗೊಜ್ಜು ಕುದಿಸುತ್ತಿದ್ದರು. ಒಣಸಿಗಡಿ ಹಾಕದೆ ಮಾಡಿದ ಸಣ್ಣ ಪಾತ್ರೆ ನನಗೆ. ನಾನು ಮೊಟ್ಟೆಯವರೆಗೆ ಮಾತ್ರ ಮುಂದುವರಿದವಳೆಂದು ಯಾರು ಹೇಳಿದ್ದರೋ, ನಾನಂತೂ ಹೇಳಿರಲಿಲ್ಲ. ಕುರ್ಚಿಯ ಮೇಲೆ ಅವರ ಅಮ್ಮನ ಬಾತಿಕ್, ಸೀರೆಯಂಥ ಬಟ್ಟೆ, ಇಸ್ತ್ರಿ ಮಾಡಿ ಮಡಚಿಟ್ಟಿತ್ತು. ಮೇಣದಲ್ಲಿ ಒಂದೊಂದೇ ಚುಕ್ಕಿ ಇಟ್ಟು ಬಣ್ಣದಲ್ಲಿ ಅದ್ದಿ ಮಾಡಿದ ಕಂದು ಬಟ್ಟೆ. ನನ್ನ ಸೀರೆಯ ಕಸೂತಿಯನ್ನು ಅವರು ತಿರುಗಿಸಿ ನೋಡಿದರು, ಅವರ ಬಟ್ಟೆಯನ್ನು ನಾನು ತಿರುಗಿಸಿ ನೋಡಿದೆ. ಎರಡರಲ್ಲೂ ಹಿಂಬದಿ ಮುಂಬದಿ ಒಂದೇ ಥರ ಇತ್ತು. ಇದನ್ನು ಮಾಡಲು ಎಷ್ಟು ದಿನ ಬೇಕು ಎಂದು ಇಬ್ಬರೂ ಕೇಳಲಿಲ್ಲ, ಇಬ್ಬರಿಗೂ ಗೊತ್ತಿತ್ತು. ಗೊಜ್ಜಿಗೆ ಉಪ್ಪು ಸರಿಯಿದೆಯೇ ಎಂದು ಕೇಳಿದರು. ಸರಿಯಿದೆ ಎಂದೆ, ಅದಂತೂ ನಿಜ. ಉಳಿದದ್ದನ್ನು ಹೇಳಲಾಗದೆ ಮೇಲೆ ಬಂದೆ.

ಶನಿವಾರ, ಲೈಬ್ರರಿ

ಮಕ್ಕಳ ಪುಸ್ತಕದ ಕಪಾಟುಗಳನ್ನು ಸರಿಸಿ ಇಪ್ಪತ್ತೈದು ಕುರ್ಚಿ ಹಾಕಿದ್ದರು. ಮುಂದಿನ ಸಾಲಿನಲ್ಲಿ ಆಯು. ಅವಳ ಪಕ್ಕದಲ್ಲಿ ತಲೆಗೆ ಬಟ್ಟೆ ಕಟ್ಟಿದ ರೆತ್ನೊ, ಮಡಿಲಲ್ಲಿ ಕೈ ಜೋಡಿಸಿಕೊಂಡು.

ಸುದರ್ಮಿ ಮೊದಲ ಐದು ನಿಮಿಷ ನನ್ನ ನಕ್ಷೆಯ ಜೊತೆ ಮಾತಾಡಿದರು, ಜನರನ್ನು ನೋಡಲೇ ಇಲ್ಲ. ಆಮೇಲೆ ಊರು ಅವರ ಕೈ ಹಿಡಿಯಿತು. ಸೋಲೊದಲ್ಲಿ ಎರಡು ಅರಮನೆ. ರಾಜಮನೆತನದ ಅಣ್ಣತಮ್ಮಂದಿರು ಮನಸ್ತಾಪವಾದಾಗ ದನಿ ಏರಿಸುವುದು ಸಭ್ಯತೆಯಲ್ಲವೆಂದು ಇನ್ನೊಂದು ಅರಮನೆ ಕಟ್ಟಿಕೊಂಡರಂತೆ. ಅದಕ್ಕಾಗಿ ಯುದ್ಧವೇ ನಡೆದಿತ್ತೆಂದು ಆಮೇಲೆ ಓದಿದೆ, ಆದರೆ ಆ ಮಧ್ಯಾಹ್ನ ಲೈಬ್ರರಿಯಲ್ಲಿ ಯುದ್ಧ ನಡೆಯಲಿಲ್ಲ. ಗಾಮೆಲಾನ್ ಎಂಬ ಕಂಚಿನ ವಾದ್ಯಗಳನ್ನು ಯಾರೂ ದಾಟಿ ಹೋಗುವುದಿಲ್ಲ, ಸುತ್ತಿ ಹೋಗುತ್ತಾರೆ, ಏಕೆಂದರೆ ಅವಕ್ಕೂ ಮಾನವಿದೆ. ಬಾತಿಕ್‌ ಓಣಿಯಲ್ಲಿ ಬೆಳಿಗ್ಗೆಯೇ ಮೇಣದ ವಾಸನೆ. ಬಿಳಿ ಎಮ್ಮೆಗಳು ಹೊರಡುವ ದಿನ ಊರೆಲ್ಲ ಮಾತು ನಿಲ್ಲಿಸಿ ಅವು ಹೊರಡಲು ಮನಸ್ಸು ಮಾಡುವವರೆಗೂ ಕಾಯುತ್ತದೆ. ಎಮ್ಮೆಗೆ ಹೊರಡು ಎನ್ನಲು ರಾಜನಿಗೂ ಅಧಿಕಾರವಿಲ್ಲ.

ಕೊನೆಗೆ ಆಲದ ಮರಕ್ಕೆ ಬಂದರು. ಚಾಪೆ, ಬುಟ್ಟಿ, ಅಮ್ಮನ ಹೂವು. ಹೇಳುತ್ತ ಹೇಳುತ್ತ ದನಿ ಸಣ್ಣದಾಯಿತು. “ಅಲ್ಲಿ ಈಗ ಪಾಯ್ನೆಮ್ ಅಜ್ಜಿಯ ಮಗಳು ಕೂರುತ್ತಾಳೆ,” ಎಂದು ನಿಲ್ಲಿಸಿದರು.

ಲೈಬ್ರರಿಯವರು ಚಪ್ಪಾಳೆ ತಟ್ಟಿ, ತುಂಬ ಒಳ್ಳೆಯ ಮನಸ್ಸಿನಿಂದಲೇ, ರೆತ್ನೊ ಕಡೆ ತಿರುಗಿದರು. “ನೀವು ಈಗಷ್ಟೆ ಅಲ್ಲಿಂದ ಬಂದವರು. ಎಲ್ಲ ಈಗಲೂ ಹೀಗೆಯೇ ಇದೆಯೇ?”

ರೆತ್ನೊ ಎದ್ದರು. ಸುದರ್ಮಿಯವರ ಮುಂದೆ ಸೊಂಟ ಬಾಗಿಸಿ, ಮೊದಲು ತಮ್ಮ ಭಾಷೆಯಲ್ಲಿ ಏನೋ ಉದ್ದವಾಗಿ, ಬಲು ಮೆಲ್ಲಗೆ ಹೇಳಿದರು. ಆಮೇಲೆ ನೆಲ ನೋಡುತ್ತ ಇಂಗ್ಲಿಷಿನಲ್ಲಿ, “ಹೌದು. ಎಲ್ಲವೂ ಹಾಗೆಯೇ ಇದೆ. ಆ ಮರದ ಕೆಳಗಿನ ಲಿವೆತ್ ನಾನು ಹೊರಡುವ ವಾರವೂ ತಿಂದೆ,” ಎಂದರು.

ಎಲ್ಲರೂ ಚಪ್ಪಾಳೆ ತಟ್ಟಿದರು. ಬಾಳೆಎಲೆಗಳು ಬಂದವು. ಪಾಪ, ಆ ರೆತ್ನೊ ಎರಡು ಸಲ ಹಾಕಿಸಿಕೊಂಡು ಉಂಡರು, ಎರಡನೆಯ ಸಲ ಅವರ ಕಣ್ಣು ಒದ್ದೆಯಾಗಿದ್ದನ್ನು ನೋಡಿದೆ. ಊಟ ಮಾತ್ರ ನಿಜವಾಗಿಯೂ ಸೋಲೊದ್ದೇ ಇತ್ತು ಎಂದು ಕಾಣುತ್ತದೆ.

ನಾನು ಹಿಂದಿನ ಪುಟ್ಟ ಅಡುಗೆಕೋಣೆಯಲ್ಲಿ ಪಾತ್ರೆ ತೊಳೆಯಲು ನಿಂತೆ. ಆಯು ಬಂದು ಬಾಗಿಲು ಮುಚ್ಚಿದಳು.

“ಆಂಟಿ, ಆಕೆ ನೆಲ ನೋಡಿ ಹೇಳಿದಳು.”

ನಾನು ಸೌಟು ಉಜ್ಜಿದೆ.

“ಈ ಜನ ಯಾರೂ ನನಗೆ ನಿಜ ಹೇಳುವುದಿಲ್ಲ. ಅಮ್ಮನೂ ಹೇಳುವುದಿಲ್ಲ, ಆಕೆಯೂ ಹೇಳುವುದಿಲ್ಲ. ನೀವು ಹಾಗಲ್ಲ. ನಕ್ಷೆ ಬರೆದವರು ನೀವು, ಖಂಡಿತ ಹುಡುಕಿ ನೋಡಿರುತ್ತೀರಿ. ಅಜ್ಜಿ ಕೂತ ಜಾಗ ಇದೆಯಾ ಇಲ್ಲವಾ?” ತೊಳೆದ ಪಾತ್ರೆಯೊಂದನ್ನು ಒರೆಸುತ್ತ, “ಇದ್ದರೆ ನಾನು ಅಮ್ಮನನ್ನು ಕರೆದುಕೊಂಡು ಹೋಗುತ್ತೇನೆ. ಈ ಡಿಸೆಂಬರಿನಲ್ಲೇ. ಇಲ್ಲದಿದ್ದರೆ ಅವಳನ್ನು ಅಲ್ಲಿಗೆ ಕರೆದೊಯ್ದು ಖಾಲಿ ಜಾಗ ತೋರಿಸುವ ಧೈರ್ಯ ನನಗಿಲ್ಲ,” ಎಂದಳು.

ಮೂವತ್ತೊಂದು ವರ್ಷದಲ್ಲಿ ನಾನು ಒಂದು ತಪ್ಪು ಉತ್ತರಕ್ಕೂ ಸರಿ ಗುರುತು ಹಾಕಿಲ್ಲ. ನನ್ನ ಸ್ವಂತ ಅಣ್ಣನ ಮಗನನ್ನು ಎರಡು ಅಂಕಕ್ಕೆ ಫೇಲು ಮಾಡಿದವಳು. ಅತ್ತಿಗೆ ಈಗಲೂ ನನ್ನ ಜೊತೆ ಸರಿಯಾಗಿ ಮಾತಾಡುವುದಿಲ್ಲ. ಆ ಹೆಮ್ಮೆಯೆಲ್ಲ ಆ ಸಿಂಕಿನ ಮುಂದೆ ಬಂದು ನಿಂತಿತು. ಹೇಳಲೇಬೇಕು ಎಂದು ಬಾಯಿ ತೆರೆದೆ.

“ಇದೆ,” ಎಂದೆ. “ಮಾರುಕಟ್ಟೆಯ ಹಿಂದೆ, ಓಣಿಯ ಕೊನೆಗೆ. ಆಲದ ಮರ. ಚೆನ್ನಾಗಿ ಕಾಣುತ್ತದೆ.”

ಆಯು ನನ್ನನ್ನು ಒಮ್ಮೆ ತಬ್ಬಿಕೊಂಡು ಹೊರಗೆ ಓಡಿದಳು. ನಾಚಿಕೆಯೂ ಆಯಿತು, ಖುಷಿಯೂ ಆಯಿತು, ಯಾವುದು ಹೆಚ್ಚೆಂದು ಹೇಳಲಾರೆ.

ಲೈಬ್ರರಿಯ ಹಿಂದಿನ ಬೆಂಚು

ಎಲ್ಲರೂ ಹೋದ ಮೇಲೆ ಸುದರ್ಮಿ ಮತ್ತು ನಾನು ಖಾಲಿ ಪಾತ್ರೆಗಳನ್ನು ನಡುವೆ ಇಟ್ಟುಕೊಂಡು ಪ್ರೇಮಾಳ ಕಾರಿಗಾಗಿ ಕಾಯುತ್ತಿದ್ದೆವು. ಆಯು ಆಗಲೇ ವಿಮಾನದ ಟಿಕೆಟ್ಟು ಕಾಯ್ದಿರಿಸಿ ಹೋಗಿದ್ದಳು.

“ನೀವು ಅವಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದಿರಂತೆ, ಬು ಶಾಂತಾ,” ಎಂದರು. “ನಮ್ಮಲ್ಲಿ ಯಾರೂ ಹಾಗೆ ಹೇಳುವುದಿಲ್ಲ. ಅದಕ್ಕೇ ಅವಳು ನಂಬಿಬಿಟ್ಟಳು.”

ಅವರಿಗೆ ಗೊತ್ತಾಗಿದೆ ಎಂದು ತಿಳಿಯಿತು.

“ರೆತ್ನೊ ನಮ್ಮ ಭಾಷೆಯಲ್ಲಿ ಮಾತಾಡಿದ್ದು ಕೇಳಿದಿರಾ? ಅದು ಬಹಳ ದೊಡ್ಡವರ ಮುಂದೆ ಆಡುವ ಮಾತು. ನಾನು ಹೂವಿನವಳ ಮಗಳು, ನನ್ನ ಜೊತೆ ಹಾಗೆ ಯಾರೂ ಮಾತಾಡಿದ್ದಿಲ್ಲ. ಇಷ್ಟು ಚಂದದ ಸುಳ್ಳು ಬೇರೆ ಯಾವ ಊರಿನವರಿಗೂ ಬರುವುದಿಲ್ಲ. ಸೋಲೊ ಇದೆ ಅಂತ ನನಗೆ ಆಗಲೇ ಗೊತ್ತಾಯಿತು.” ಉಟ್ಟ ಬಾತಿಕ್ ಬಟ್ಟೆಯ ಸೆರಗಿನಂಥ ತುದಿಯಿಂದ ಕಣ್ಣೊರೆಸಿಕೊಂಡರು. “ನಿಮ್ಮ ಸುಳ್ಳು ಅಷ್ಟು ಚಂದ ಇರಲಿಲ್ಲ. ಕ್ಲಾಸಿನಲ್ಲಿ ಹೇಳಿದ ಹಾಗೆ ಇತ್ತಂತೆ.”

“ಡಿಸೆಂಬರಿನಲ್ಲಿ ಏನು ಮಾಡುತ್ತೀರಿ?” ಎಂದು ಕೇಳಿದೆ. “ಓಣಿಯ ಕೊನೆಗೆ ಹೋದ ಕೂಡಲೇ ಅವಳಿಗೆ ಗೊತ್ತಾಗುತ್ತದೆ.”

“ಅಷ್ಟು ಹೊತ್ತಿಗೆ ನಾವು ಸೋಲೊಗೆ ಹೋಗಿ ಮುಟ್ಟಿರುತ್ತೇವಲ್ಲ,” ಎಂದರು.

ಆಮೇಲೆ ಮೊದಲ ಬಾರಿಗೆ ನನ್ನ ಮುಖವನ್ನು ನೇರವಾಗಿ ನೋಡಿ, “ತೋರಿಸಿ,” ಎಂದು ಕೈ ಚಾಚಿದರು. ನಾನು ಫೋನು ತೆಗೆದು ಪ್ರೇಮಾ ಕಳಿಸಿದ್ದ ಆ ಓಣಿಯ ಫೋಟೋ ಅವರ ಕೈಯಲ್ಲಿಟ್ಟೆ. ಸುದರ್ಮಿ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಸಿಮೆಂಟಿನ ಬಯಲು, ಬಿಳಿ ಗೆರೆ, ಸ್ಕೂಟರುಗಳ ಸಾಲು. ಒಂದು ಕಡೆ ಬೆರಳಿಟ್ಟು, ಅಮ್ಮ ಇಲ್ಲಿ ಕೂರುತ್ತಿದ್ದಳು ಎಂದರು. ಆ ಬೆರಳಿನ ಕೆಳಗೆ ನೀಲಿ ಬಣ್ಣದ ಕಾರೊಂದು ನಿಂತಿತ್ತು.

“ಹಾಗಾದರೆ ಕಾರು ಮಾಡಿಕೊಂಡೇ ಹೋಗಬಹುದು,” ಎಂದು ಫೋನು ಹಿಂದಕ್ಕೆ ಕೊಟ್ಟರು. “ನಿಲ್ಲಿಸಲು ಜಾಗ ಸಿಗುತ್ತದೆ.”